ಖಾಲಿ ಕೋಣೆಯ ಮೂವತ್ತು ಸೆಕೆಂಡು

ಮನುಷ್ಯರ ಬಾಯಿ ಎಷ್ಟು ಹೊಲಸು ಎಂಬುದು ಹಲ್ಲಿನ ಡಾಕ್ಟರಿಗೂ ಪೂರ್ತಿ ಗೊತ್ತಿರಲಿಕ್ಕಿಲ್ಲ. ಅವರು ನೋಡುತ್ತಾರೆ, ಅಷ್ಟೇ. ಕತ್ತರಿ ಕೇಳುತ್ತಾನೆ. ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ದಿನಕ್ಕೆ ಎಂಟು ಗಂಟೆ, ಹದಿನಾರು ವರ್ಷದಿಂದ. ಆಡಿಯೊ ಪುಸ್ತಕ ಓದುವವರ ಬಾಯಲ್ಲಿ ಎಂಜಲು ಚಿಟಕ್ಕೆನ್ನುವುದು, ತುಟಿ ಅಂಟಿ ಬಿಡುವುದು, ನಾಲಿಗೆ ಪಚಕ್ಕೆನ್ನುವುದು, ಹೊಟ್ಟೆ ಗುರುಗುಟ್ಟುವುದು, ಬಂದ ತೇಗನ್ನು ನುಂಗಿಕೊಳ್ಳುವುದು, ಇವನ್ನೆಲ್ಲ ಒಂದೊಂದಾಗಿ ಹುಡುಕಿ ಕತ್ತರಿಸಿ ಎಸೆಯುವುದು ಅವನ ಕೆಲಸ. ಎಲ್ಲರೂ ಅವನನ್ನು ಕತ್ತರಿ ಎನ್ನುವುದೂ ಅದಕ್ಕೇ. ಕೇಳುವವರು ಆಹಾ ಎಂದು ಕಣ್ಣು ಮುಚ್ಚುವ ದನಿಯೊಳಗೆ ಎಷ್ಟು ಲೋಳೆ ಇತ್ತೆಂದು ಅವನೊಬ್ಬನಿಗೇ ಗೊತ್ತು.

ಈ ಹದಿನಾರರಲ್ಲಿ ಹನ್ನೊಂದು ವರ್ಷ ಅವನು ಬಳಿದು ಹಾಕಿದ್ದು ಹೆಚ್ಚಾಗಿ ಒಂದೇ ಬಾಯಿಯ ಕೊಳೆ. ಅದು ಕಂಠನ ಬಾಯಿ. ಕಂಠ ಆ ಸ್ಟುಡಿಯೊದ ಓದುಗಾರ. ಆ ಹನ್ನೊಂದು ವರ್ಷವೂ ಕತ್ತರಿಯ ಜೊತೆ ಒಂದೇ ಮನೆಯಲ್ಲಿ, ಒಂದೇ ಹಾಸಿಗೆಯಲ್ಲಿ ಬಾಳಿದವನು. ಕೆಳಗೆ ಸ್ಟುಡಿಯೊ, ಮೇಲೆ ಮನೆ, ನಡುವೆ ಹದಿನೆಂಟು ಮೆಟ್ಟಿಲು. ಸ್ಟುಡಿಯೊ ನಡೆಸುವವಳು ಕತ್ತರಿಯ ಅಕ್ಕ. ಬಂದವರಿಗೆಲ್ಲ ಕಂಠನನ್ನು 'ನಮ್ಮನೆ ಅಳಿಯಂದಿರು' ಎಂದು ಪರಿಚಯ ಮಾಡಿಸಿ, ಆ ಅಳಿಯಂದಿರಿಗೆ ಉಗುಳು ನುಂಗಲೂ ಪುರಸೊತ್ತು ಕೊಡದೆ ಓದಿಸುತ್ತಿದ್ದಳು.

ಅವರೆಲ್ಲರ ಹೊಟ್ಟೆ ತುಂಬಿಸುತ್ತಿದ್ದದ್ದು ಒಂದು ಸರಣಿ. ಬಾಹ್ಯಾಕಾಶದಲ್ಲಿ ಒಂದು ಯುದ್ಧನೌಕೆ. ಅದರಲ್ಲಿ ಒಬ್ಬ ಕಮಾಂಡರ್, ಅವನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸುವ ಒಬ್ಬ ಸೇನಾ ವೈದ್ಯ. ನೌಕೆಯ ಆಮ್ಲಜನಕದ ಕೊಳವೆಗಳನ್ನು ಯಾರೋ ಒಂದೊಂದಾಗಿ ಕೊಯ್ಯುತ್ತಿದ್ದಾರೆ, ಸಂಶಯವೆಲ್ಲ ವೈದ್ಯನ ಮೇಲೆ. ಒಂದು ಅಧ್ಯಾಯದಲ್ಲಿ ಕಮಾಂಡರ್ ಅವನ ಎದೆಗೆ ಬಂದೂಕು ಹಿಡಿಯುತ್ತಾನೆ, ಮುಂದಿನದರಲ್ಲಿ ಅದೇ ಎದೆಯ ಮೇಲೆ ಮಲಗಿ ಅಳುತ್ತಾನೆ. ಆರು ಪುಸ್ತಕ ಹೀಗೇ ಓಡಿ, ಏಳನೆಯದು ಕೊನೆಯದು. ಕೇಳುಗರು ಹುಚ್ಚೆದ್ದು ಕಾಯುತ್ತಿದ್ದರು. ಕತ್ತರಿಗೆ ಮಾತ್ರ ಅದರ ಹೆಸರೆತ್ತಿದರೆ ಮೈ ಉರಿಯುತ್ತಿತ್ತು. ಗಾಳಿ ಮುಗಿಯುತ್ತ ಬಂದ ನೌಕೆಯಲ್ಲಿ ಇಬ್ಬರು ಗಂಡಸರು ಪುಟಗಟ್ಟಲೆ ಏದುಸಿರು ಬಿಡುವುದಕ್ಕೆ ಆಮ್ಲಜನಕ ಎಲ್ಲಿಂದ ಬರುತ್ತದೆ ಎಂದು ಅಕ್ಕನನ್ನು ಕೇಳಿದ್ದ.

"ಗಂಡಸರು ಗಂಡಸರನ್ನ ಪ್ರೀತಿಸೋದು ನಿನಗೇನೋ ಹೊಸದು?" ಎಂದಿದ್ದಳು ಅಕ್ಕ.

"ಪ್ರೀತಿಸಲಿ ಅಕ್ಕ. ಅದಕ್ಕೆ ಅಷ್ಟು ಎಂಜಲು ಯಾಕೆ ಬೇಕು ಅಂತ."

"ನಿನಗೆ ಪ್ರೀತಿ ಬೇಡ ಕಣೋ, ಅದರ ಎಕ್ಸ್-ರೇ ಸಾಕು."

ಅಕ್ಕ ನಕ್ಕಿದ್ದಳು. ಪಕ್ಕದಲ್ಲಿದ್ದ ಕಂಠ ನಗಲಿಲ್ಲ. ಅವನಿಗೆ ನಗು ಬಾರದಿದ್ದುದಕ್ಕೆ ಕಾರಣವಿತ್ತು. ಮೊದಮೊದಲು 'ಬಾಯಿ ಮುಚ್ಚಿ ಅಗಿ' ಎನ್ನುತ್ತಿದ್ದ ಕತ್ತರಿ, ಆಮೇಲೆ ತನ್ನ ತಟ್ಟೆ ಎತ್ತಿಕೊಂಡು ಬೇರೆ ಕೋಣೆಯಲ್ಲಿ ಕೂತು ಉಣ್ಣತೊಡಗಿದ್ದ. ಕಂಠ ಚಹಾ ಗುಟುಕರಿಸಿದರೆ ಎದ್ದು ಹೋಗಿ ಕಿಟಕಿ ಬಳಿ ನಿಲ್ಲುತ್ತಿದ್ದ. ಮುತ್ತು ಕೊಡಲು ಬಂದರೆ ಕೆನ್ನೆ ತಿರುಗಿಸುತ್ತಿದ್ದ. ಬರುಬರುತ್ತಾ ಕಂಠ ಬರುವುದನ್ನೇ ನಿಲ್ಲಿಸಿದ. ಅರ್ಥಮಾಡಿಕೊಂಡಿದ್ದಾನೆ, ಒಳ್ಳೆಯವನು ಎಂದು ಕತ್ತರಿ ನೆಮ್ಮದಿಯಾಗಿದ್ದ.

ಸರಣಿಯಲ್ಲಿ ಸೈನ್ಯದ ಮಾತುಗಳು ತಪ್ಪಬಾರದೆಂದು ಅಕ್ಕ ಈ ಸಲ ಒಬ್ಬ ಮಾಜಿ ಸೈನಿಕನನ್ನು ಕರೆಸಿದ್ದಳು. ಅವನು ಮೇಜರ್ ಅಲ್ಲ, ಆದರೂ ಎಲ್ಲರೂ ಮೇಜರ್ ಎನ್ನುತ್ತಿದ್ದರು, ಅವನೂ ಬೇಡವೆನ್ನುತ್ತಿರಲಿಲ್ಲ. ಓದುವ ಬೂತಿನ ಗಾಜಿನ ಆಚೆ ಕುಳಿತು, ಆಜ್ಞೆ ಕೊಡುವಾಗ ಯಾವ ಅಕ್ಷರ ಒತ್ತಬೇಕು, ಬಂದೂಕಿನ ಯಾವ ಭಾಗಕ್ಕೆ ಏನನ್ನಬೇಕು ಎಂದು ಕಂಠನಿಗೆ ಹೇಳಿಕೊಡುವುದು ಅವನ ಕೆಲಸ. ಸದಾ ಬಾಯಲ್ಲೊಂದು ಪೆಪ್ಪರ್‌ಮಿಂಟು. ಅದು ಹಲ್ಲಿನಿಂದ ಹಲ್ಲಿಗೆ ಕಟಕಟನೆ ತಾಗುತ್ತ ತಿರುಗುತ್ತಿತ್ತು. ಎಂದೋ ಮುಷ್ಟಿಯುದ್ಧದಲ್ಲಿ ಮುರಿದ ಮೂಗಿನ ಎಡಹೊಳ್ಳೆ ಉಸಿರಿಗೊಮ್ಮೆ ಸಣ್ಣಗೆ ಸಿಳ್ಳು ಹಾಕುತ್ತಿತ್ತು. ಅವನು ಬಂದ ಮೊದಲ ದಿನವೇ ಕತ್ತರಿ ಮುಖ ಹಿಂಡಿಕೊಂಡು, ಈ ಪ್ರಾಣಿಯನ್ನು ಬೂತಿನ ಒಳಗೆ ಮಾತ್ರ ಬಿಡಬೇಡ ಎಂದು ಅಕ್ಕನಿಗೆ ಕಟ್ಟಪ್ಪಣೆ ಮಾಡಿದ್ದ.

ಕೊನೆಯ ಪುಸ್ತಕ ಆ ದಿನ ಸಂಜೆ ನಾಲ್ಕಕ್ಕೆ ಹೋಗಬೇಕಿತ್ತು. ಬೆಳಗ್ಗೆ ಒಂಬತ್ತಕ್ಕೆ ಕತ್ತರಿ ಕೊನೆಯದಾಗಿ ಒಮ್ಮೆ ಕೇಳಲು ಕೂತ. ಮೂವತ್ತೊಂದನೇ ಅಧ್ಯಾಯ: ಕಮಾಂಡರನೂ ವೈದ್ಯನೂ ಒಂದು ಪುಟ್ಟ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಾರೆ, ಇಬ್ಬರಿಗೂ ಸೇರಿ ಇರುವುದು ಒಂದೇ ಸಿಲಿಂಡರು. ಕಂಠ ಎಂದಿಲ್ಲದಷ್ಟು ಚೆನ್ನಾಗಿ ಓದಿದ್ದ. ಕತ್ತರಿ ದಂತವೈದ್ಯರ ಹತ್ತಿರ ಹೋಗಿದ್ದ ದಿನ, ಅಕ್ಕನೂ ಊರಲ್ಲಿರದ ದಿನ, ತಾನೇ ಯಂತ್ರ ನಡೆಸಿಕೊಂಡು ಓದಿದ ಅಧ್ಯಾಯ ಅದು. ಈಗ ಕೇಳುತ್ತಿದ್ದರೆ ಮಾತು ಮಾತಿನ ನಡುವೆ ಏನೋ ಸುಯ್ ಎಂದಂತಾಯಿತು. ಫ್ಯಾನೇ? ಬಾಗಿಲ ಸಂದಿಯೇ? ಕತ್ತರಿ ದನಿ ಏರಿಸಿದ. ಕಂಠ ಮಾತಾಡುವಾಗ ಅದಿಲ್ಲ, ಮಾತು ನಿಂತಾಗ ಇದೆ. ಅಂದರೆ ಅದು ಇರುವುದು ತಾನು ಹಾಕಿದ ತೇಪೆಯಲ್ಲಿ.

ತೇಪೆ ಎಂದರೆ ಇಷ್ಟು. ಎಂಜಲು ಕತ್ತರಿಸಿದ ಜಾಗವನ್ನು ಹಾಗೇ ಬಿಟ್ಟರೆ ಕೇಳುವವನ ಕಿವಿ ಗುಂಡಿಗೆ ಬಿದ್ದಂತಾಗುತ್ತದೆ. ಅಲ್ಲಿಗೆ ಅದೇ ಕೋಣೆಯ ನಿಶ್ಶಬ್ದವನ್ನು ಹಾಕಿ ಮುಚ್ಚಬೇಕು. ಅದಕ್ಕೆಂದೇ ಓದುಗಾರ ದಿನವೂ ಓದುವ ಮೊದಲು ಮೈಕ್ ಹಾಕಿ ಮೂವತ್ತು ಸೆಕೆಂಡು ಸುಮ್ಮನೆ ಕೂರುತ್ತಾನೆ. ಅದಕ್ಕೆ ಅವರು 'ಖಾಲಿ' ಎನ್ನುತ್ತಿದ್ದರು. ಖಾಲಿಯನ್ನು ಯಾರೂ ಕೇಳುವುದಿಲ್ಲ, ಬಳಸುತ್ತಾರೆ ಅಷ್ಟೇ. ಆ ದಿನದ ಖಾಲಿ ಯಾಕೋ ಬೆಚ್ಚಗಿದೆ ಎನಿಸಿ ಕತ್ತರಿಗೆ ಮೆಚ್ಚುಗೆಯಾಗಿತ್ತು. ಮೂವತ್ತೊಂದರಿಂದ ಕೊನೆಯ ಅಧ್ಯಾಯದವರೆಗೆ ಅದನ್ನೇ ಮುನ್ನೂರು ಕಡೆ ಧಾರಾಳವಾಗಿ ಬಳಿದಿದ್ದ.

ಈಗ ಆ ಮೂವತ್ತು ಸೆಕೆಂಡನ್ನಷ್ಟೇ ತೆರೆದು, ದನಿಯನ್ನು ಮಿತಿಮೀರಿ ಏರಿಸಿ ಕೇಳಿದ. ಮೊದಲು ಕಂಠನ ಉಸಿರು. ಹನ್ನೊಂದು ವರ್ಷ ಕೇಳಿದ್ದು, ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅದರ ಹಿಂದೆಯೇ ಇನ್ನೊಂದು. ಎಳೆದಾಗ ಸುಯ್, ಬಿಟ್ಟಾಗ ಸುಯ್. ಎಡಹೊಳ್ಳೆ.

ಮೇಜರ್ ಆಜ್ಞೆ ಹೇಳಿಕೊಡಲು ಒಳಗೆ ಬಂದಿರಬಹುದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಆ ಅಧ್ಯಾಯದಲ್ಲಿ ಒಂದು ಆಜ್ಞೆಯೂ ಇಲ್ಲ. ಮತ್ತೆ ಕೇಳಿದ. ಏನೋ ಕಡಿಮೆ ಇದೆ ಎನಿಸಿತು. ಐದನೇ ಸಲ ಹೊಳೆಯಿತು. ಪೆಪ್ಪರ್‌ಮಿಂಟಿಲ್ಲ. ಊಟಕ್ಕೆ ಕೂತಾಗಲೂ ಅದನ್ನು ದವಡೆಗೆ ಒತ್ತಿಟ್ಟುಕೊಳ್ಳುವ ಮನುಷ್ಯ ಅದನ್ನು ಯಾಕೆ ಉಗಿದ? ಬಾಯಿ ಬೇರೆ ಕೆಲಸಕ್ಕೆ ಬೇಕಾಗಿತ್ತು, ಅದಕ್ಕೇ ಉಗಿದ. ಇಪ್ಪತ್ತನೇ ಸೆಕೆಂಡಿನ ಹೊತ್ತಿಗೆ ಎರಡು ಉಸಿರೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಒಬ್ಬರ ಮೇಲೊಬ್ಬರು ಒರಗಿ ಹೊತ್ತಾದವರ ಉಸಿರು ಮಾತ್ರ ಹಾಗೆ ಕೂಡಿಕೊಳ್ಳುತ್ತದೆ.

ಕತ್ತರಿ ಹೆಡ್‌ಫೋನ್ ಕಿತ್ತೆಸೆದು ಬಚ್ಚಲಿಗೆ ಓಡಿದ. ವಾಂತಿಯಾಯಿತು. ಮುಖ ತೊಳೆದ, ಕಿವಿ ತೊಳೆದ, ಬೆರಳಿಗೆ ಸೋಪು ಹಚ್ಚಿ ಕಿವಿಯೊಳಗೆ ತಿರುಗಿಸಿದ. ಇಬ್ಬರೂ ಗುರುತೆಲ್ಲ ಒರೆಸಿರಬಹುದು, ಕುರ್ಚಿ ಸರಿಮಾಡಿರಬಹುದು, ತಪ್ಪಿದ ಮಾತೆಲ್ಲ ಅಳಿಸಿರಬಹುದು. ಅಭ್ಯಾಸಬಲದಿಂದ ಹಿಡಿದ ಖಾಲಿಯನ್ನು ಮಾತ್ರ ಅಲ್ಲೇ ಬಿಟ್ಟಿದ್ದರು. ಕಂಠ ಅಷ್ಟು ನಿಯತ್ತಿನ ಕೆಲಸಗಾರ. ಅದನ್ನು ತಾನು ತನ್ನ ಕೈಯಾರೆ, ಮೆಚ್ಚಿ, ಚಪ್ಪರಿಸಿ, ಪುಸ್ತಕದ ಕೊನೆಯವರೆಗೂ ಬಳಿದಿದ್ದೆನಲ್ಲ ಎಂಬುದು ನೆನಪಾಗಿ ಇನ್ನೊಮ್ಮೆ ವಾಂತಿಯಾಯಿತು.

ಅಕ್ಕ ಬಾಗಿಲು ತಟ್ಟಿದಳು. "ಏನಾಯ್ತೋ? ಫೈಲ್ ಹೋಗತ್ತೋ ಇಲ್ವೋ?"

"ಹೋಗತ್ತೆ. ಖಾಲಿ ಒಂಚೂರು ಕೆಟ್ಟಿದೆ, ಬದಲಾಯಿಸ್ತೀನಿ."

ಮುನ್ನೂರು ತೇಪೆಯನ್ನೂ ಕಿತ್ತು, ಹಳೆಯ ಪುಸ್ತಕದಿಂದ ತೆಗೆದ ಬೇರೆ ಖಾಲಿಯನ್ನು ಹಾಕುತ್ತ ಹೋದ. ಕೊಳಕು ಗಾಯದ ಬ್ಯಾಂಡೇಜು ಬಿಚ್ಚಿದಂತಿತ್ತು ಒಂದೊಂದೂ. ಕೀಳುತ್ತ ಕೀಳುತ್ತ ಕೋಪ ಇಳಿದು ಭಯ ಉಳಿಯಿತು. ಕಂಠ ಇಲ್ಲದ ಮನೆಯನ್ನು ಕಲ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. ಅವನು ಬೇಕು. ಅವನ ದನಿ, ಅವನ ಬೆನ್ನು, ಬೆಳಗ್ಗೆ ಚಪ್ಪಲಿ ಹುಡುಕುತ್ತ ಅವನು ಮಾಡುವ ಗಲಾಟೆ ಎಲ್ಲ ಬೇಕು. ನೋಡಿಯೂ ನೋಡದವನಂತೆ, ಕೇಳಿಯೂ ಕೇಳದವನಂತೆ ಇದ್ದುಬಿಡುತ್ತೇನೆ ಎಂದು ನಿಶ್ಚಯಿಸಿದ. ಮಧ್ಯಾಹ್ನ ಒಂದೂವರೆಗೆ ಫೈಲು ಕಳಿಸಿ ಮೆಟ್ಟಿಲು ಹತ್ತಿದ.

ಕಂಠ ಊಟಕ್ಕೆ ಕೂತಿದ್ದ. ಕತ್ತರಿ ತನ್ನ ತಟ್ಟೆಯನ್ನು ಹಿಡಿದು, ಬೇರೆ ಕೋಣೆಗೆ ಹೋಗದೆ, ಅವನೆದುರೇ ಕೂತ. ಕಂಠ ಅಗಿದ. ಪಚಪಚ. ಕತ್ತರಿ ಹಲ್ಲು ಕಚ್ಚಿ ನಕ್ಕ.

"ಏನು, ಇವತ್ತು ಇಲ್ಲೇ?"

"ಸುಮ್ಮನೆ. ನಿನ್ನ ಜೊತೆ ಕೂತು ಯಾವ ಕಾಲ ಆಯ್ತು."

ಕಂಠ ಅವನ ಮುಖವನ್ನೇ ನೋಡಿದ. "ಪುಸ್ತಕ ಹೋಯ್ತಾ?"

"ಹೋಯ್ತು. ಮೂವತ್ತೊಂದರಿಂದ ಖಾಲಿ ಬದಲಾಯಿಸಬೇಕಾಯ್ತು, ಅದಕ್ಕೇ ತಡ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಕಂಠನ ಕೈ ತಟ್ಟೆಯಲ್ಲೇ ನಿಂತಿತು. ಖಾಲಿಯನ್ನು ಯಾರೂ ಸುಮ್ಮಸುಮ್ಮನೆ ಬದಲಾಯಿಸುವುದಿಲ್ಲ ಎಂಬುದು ಆ ಮನೆಯಲ್ಲಿ ಇಬ್ಬರಿಗೂ ಗೊತ್ತಿತ್ತು.

"ಕೇಳಿಸ್ಕೊಂಡ್ಯಾ?"

"ಕೇಳಿಸ್ತು."

ಕಂಠ ತಲೆ ತಗ್ಗಿಸಿದ. ಸುಳ್ಳು ಹೇಳಲು ನೋಡಲಿಲ್ಲ. "ನಿನಗೆ ಮೋಸ ಮಾಡಿದೆ. ತಪ್ಪು. ಅದಕ್ಕೆ ನೀನು ಏನು ಬೇಕಾದ್ರೂ ಅನ್ನು."

"ಅವನ ಬಾಯಿ," ಎಂದ ಕತ್ತರಿ. "ಆ ಗಲೀಜು ಬಾಯಿ. ಅದು ಹೇಗೆ ಸಾಧ್ಯ ಆಯ್ತು ನಿನಗೆ?"

"ಒಂದಿನ ಅವನ ಪಕ್ಕ ಕೂತು ಚಹಾ ಕುಡೀತಿದ್ದೆ. ಸೊರ್ ಅಂತ ಸದ್ದಾಯ್ತು. ನಾನೇ ಬೆಚ್ಚಿಬಿದ್ದೆ, ಕಪ್ ಕೆಳಗಿಟ್ಟೆ. ಅವನು, ಯಾಕೆ, ಬಿಸಿ ಇದೆಯಾ ಅಂದ." ಕಂಠ ತಟ್ಟೆ ಪಕ್ಕಕ್ಕೆ ಸರಿಸಿದ. "ಅಷ್ಟೇ ಅಂದದ್ದು. ಆರು ವರ್ಷ ಆಯ್ತು ನೀನು ನನಗೆ ಮುತ್ತು ಕೊಟ್ಟು. ನನ್ನ ಬಾಯಿಂದ ಎಲ್ಲರಿಗೂ ಸುಖ, ನಿನಗೊಬ್ಬನಿಗೆ ಅಸಹ್ಯ."

ಕತ್ತರಿಗೆ ಕಣ್ಣು ತುಂಬಿ ಬಂತು. "ನಾನು ಸರಿ ಹೋಗ್ತೀನಿ. ನೋಡು, ಇವತ್ತು ಎದುರಿಗೇ ಕೂತಿದ್ದೀನಲ್ಲ. ನೀನು ಹೋಗಬೇಡ."

"ಹಾಗಾದ್ರೆ ಒಂದು ಮುತ್ತು ಕೊಡು." ಅದು ಸವಾಲಿನಂತಿರಲಿಲ್ಲ. ಬೇಡಿಕೊಳ್ಳುವವನ ಹಾಗೆ ಕೇಳಿದ.

ಕತ್ತರಿ ಎದ್ದು ಬಂದು ಬಾಗಿದ. ಕಂಠನ ತುಟಿಗಳು ಬಿಡಿಸಿಕೊಂಡ ಸಣ್ಣ ಅಂಟು ಸದ್ದು ಕೇಳಿತು. ಕೆಳಗೆ ಸ್ಟುಡಿಯೊದ ಪರದೆಯ ಮೇಲೆ ಅದು ಎಷ್ಟುದ್ದದ ಗೆರೆಯಾಗುತ್ತದೆಂಬುದೂ ಕಣ್ಣಿಗೆ ಕಟ್ಟಿತು. ಹುಳಿನೀರು ಗಂಟಲಿಗೆ ಬಂತು. ಅದನ್ನು ನುಂಗಿ, ಕಣ್ಣು ಮುಚ್ಚಿ, ಬಾಯಿಗೆ ಬಾಯಿ ಕೊಟ್ಟ. ಒಂದು, ಎರಡು, ಮೂರು ಎಂದು ಮನಸ್ಸಿನಲ್ಲೇ ಎಣಿಸಿದ. ಬಿಡಲಿಲ್ಲ. ಐದಕ್ಕೆ ಬಂದಾಗ, ಗೆದ್ದೆ ಎಂದುಕೊಂಡ.

ಕಂಠನೇ ಅವನ ಭುಜ ಹಿಡಿದು ಮೆಲ್ಲಗೆ ದೂರ ಸರಿಸಿದ. ಉಸಿರನ್ನೇ ನಂಬಿ ಬದುಕಿದವನು ಅವನು, ಎದುರಿಗಿರುವವನ ಉಸಿರು ನಿಂತದ್ದು ತಿಳಿಯದೆ ಇದ್ದೀತೇ.

"ಸಾಕು," ಎಂದ. "ಇನ್ನು ಉಸಿರು ಬಿಡು."

ತಟ್ಟೆಯನ್ನು ಒಯ್ದು ತೊಳೆದಿಟ್ಟ. ಆಮೇಲೆ ಒಳಗೆ ಹೋದ. ಕಪಾಟು ತೆರೆದ ಸದ್ದು, ಬಟ್ಟೆ ತುಂಬುವ ಸದ್ದು, ಚೀಲದ ಜಿಪ್ಪು ಎಳೆದ ಸದ್ದು ಒಂದಾದ ಮೇಲೊಂದು ಬಂತು. ಎದ್ದು ಹೋಗಿ ತಡೆಯಬೇಕೆಂದು ಕತ್ತರಿಗೆ ಗೊತ್ತಿತ್ತು. ಆದರೆ ಅವನು ಅಲ್ಲೇ ನಿಂತು ಉಸಿರು ಬಿಟ್ಟ, ಬಾಯಿ ಒರೆಸಿಕೊಂಡ, ಮತ್ತು ತನಗೇ ಹೇಸಿಗೆಯಾಗುವಷ್ಟು ಹಾಯೆನಿಸಿತು.