ಅಣ್ಣನ ಸೊಂಟದಳತೆ

ಹೊಟ್ಟೆಯನ್ನು ಒಳಗೆಳೆದುಕೊಂಡು, ಮಂಚದ ಕಾಲಿಗೆ ಒಂದು ಕೈ ಕೊಟ್ಟು, ಲಾಕ್ಲನ್ ಇನ್ನೊಂದು ಕೈಯಿಂದ ತೊಗಲಿನ ಪಟ್ಟಿಯನ್ನು ಬಕಲಿನತ್ತ ಎಳೆದ. ಆರು ಬೆರಳು ಸಾಲದು. ಮತ್ತೊಮ್ಮೆ ಎಳೆದ. ಮುಖ ಕೆಂಪಾಯಿತೇ ಹೊರತು ಪಟ್ಟಿ ಜಗ್ಗಲಿಲ್ಲ.

ಸ್ಕಾಟ್ಲೆಂಡಿನ ವಿಕ್ ಬಂದರಿನ ಎದುರಿಗಿದ್ದ ಆ ಒಂದು ಕೋಣೆಯ ಬಾಡಿಗೆ ಮನೆಯನ್ನು ಖಾಲಿ ಮಾಡಲು ಬಂದಿದ್ದ. ಅಣ್ಣ ಮ್ಯಾಗ್ನಸ್ ತೀರಿಕೊಂಡು ಎರಡು ತಿಂಗಳಾಗಿತ್ತು. ಮಂಚದಡಿಯ ಪೆಟ್ಟಿಗೆಯಲ್ಲಿ, ಕಂದು ಕಾಗದ ಸುತ್ತಿ, ನುಸಿಗುಳಿಗೆ ಹಾಕಿಟ್ಟಿದ್ದ ಈ ಕೆಂಪು ಚೌಕುಳಿಯ ಕಿಲ್ಟ್ ಸಿಕ್ಕಿತ್ತು; ಅಲ್ಲಿನ ಗಂಡಸರು ಹಬ್ಬ, ಮದುವೆಗೆ ಸೊಂಟಕ್ಕೆ ಸುತ್ತಿ ಉಡುವ, ಮೊಣಕಾಲುದ್ದದ ನೆರಿಗೆಯ ಬಟ್ಟೆ. ಮೊದಲು ಅಪ್ಪ ಉಟ್ಟಿದ್ದು, ಆಮೇಲೆ ಅಣ್ಣ. ಮನೆಯ ಗಂಡಸರಲ್ಲಿ ಇನ್ನು ಉಳಿದವನು ತಾನೊಬ್ಬನೇ.

ಶನಿವಾರ ಮಗಳು ಕಿರ್ಸ್ಟಿಯ ಮದುವೆ. ಹತ್ತು ವರ್ಷದವಳಿದ್ದಾಗ ತಾಯಿಯ ಜೊತೆ ಇನ್ವರ್ನೆಸ್‌ಗೆ ಹೋದವಳು. ಅಲ್ಲಿ ತಾಯಿಯ ಎರಡನೇ ಗಂಡ ಕೆನೆತ್‌ನ ಮನೆಯಲ್ಲೇ ಬೆಳೆದಳು. ಅಂಥವಳು ಹೋದ ತಿಂಗಳು ಫೋನು ಮಾಡಿ, "ಅಪ್ಪಾ, ಚರ್ಚಲ್ಲಿ ನೀನೇ ನನ್ನ ಕೈ ಹಿಡ್ಕೊಂಡು ನಡೆಸ್ಬೇಕು" ಎಂದಿದ್ದಳು. ಅಂದಿನಿಂದ ಲಾಕ್ಲನ್ ಮನೆಯಲ್ಲಿ ಒಬ್ಬನೇ, ಮೊಣಕೈ ಮಡಿಸಿಕೊಂಡು, ಒಲೆಯಿಂದ ಬಾಗಿಲವರೆಗೆ ನಿಧಾನವಾಗಿ ನಡೆದು ಅಭ್ಯಾಸ ಮಾಡುತ್ತಿದ್ದ.

ಸೋಮವಾರ ಕಿಲ್ಟನ್ನು ರೋನಾ ಗನ್ ಮುದುಕಿಯ ಮನೆಗೆ ಒಯ್ದ. ಊರಿನ ಕಿಲ್ಟುಗಳೆಲ್ಲ ಹೊಲಿಸಿಕೊಂಡದ್ದು ಅವಳ ಕೈಯಿಂದಲೇ.

"ಉಸಿರು ಬಿಡೋ. ಮದ್ವೆ ಮುಗಿಯೋವರ್ಗೂ ಹಿಡ್ಕೊಂಡೇ ಇರ್ತೀಯಾ?" ಎಂದು ಟೇಪು ಸುತ್ತಿದಳು.

"ಇದು ಹೊಟ್ಟೆಯಲ್ಲ ಮಿಸೆಸ್ ಗನ್. ಎದೆ ಸ್ವಲ್ಪ ಕೆಳಗೆ ಜಾರಿದೆ."

"ಜಾರಿದ್ದು ಅಲ್ಲೇ ಮನೆ ಕಟ್ಕೊಂಡಿದೆ. ಬಿಚ್ಚಿ ಕೊಡು. ನಾಚ್ಕೋಬೇಡ ಮಗಾ, ನಿಮ್ಮಪ್ಪನೂ ಇಲ್ಲೇ ನಿಂತಿದ್ದ, ಅವನ ಅಂಗಿಯಂತೂ ಮೊಣಕಾಲಿಗೂ ಬರ್ತಿರ್ಲಿಲ್ಲ."

ಲಾಕ್ಲನ್ ಪ್ಯಾಂಟು ಹಾಕಿಕೊಳ್ಳುವಷ್ಟರಲ್ಲಿ ಅವಳು ಕಿಲ್ಟನ್ನು ಮೇಜಿನ ಮೇಲೆ ಬೋರಲು ಹರಡಿ ಒಳಗಿನ ಅಸ್ತರು ಎತ್ತಿದ್ದಳು. ಬೆರಳು ಒಂದು ಹೊಲಿಗೆಯ ಮೇಲೆ ನಿಂತಿತು.

"ಏನಾಯ್ತು?"

"ಇದ್ಯಾರ ಕೈ? ನಂದಲ್ಲ." ಕನ್ನಡಕ ಏರಿಸಿದಳು. "ನೋಡಿಲ್ಲಿ, ಬಲೆ ದಾರ."

ಕಪ್ಪು ದಾರ. ಬಂದರಿನಲ್ಲಿ ಹರಿದ ಬಲೆ ಕೂಡಿಸುವವರು ಹಾಕುವ ಗಂಟು. ಮ್ಯಾಗ್ನಸ್ ನಲವತ್ತು ವರ್ಷ ಅದೇ ಕೆಲಸ ಮಾಡಿದವನು.

"ಇದು ನಾನು ಹೊಲಿದ ಗೆರೆ," ರೋನಾ ಉಗುರಿನಿಂದ ತೋರಿಸಿದಳು. "ನಿಮ್ಮಣ್ಣ ನೆರಿಗೆಗಳನ್ನ ಒತ್ತೊತ್ತಾಗಿ ಮಾಡಿ ಸೊಂಟ ಎರಡು ಬೆರಳು ಇಳಿಸಿದಾನೆ. ಅದು ಸಾಲ್ದೆ ಇನ್ನೆರಡು. ಆಮೇಲೆ ಮತ್ತೆರಡು. ಚೌಕುಳಿಯೆಲ್ಲ ಕದಡಿ ಹೋಗಿದೆ. ಮೇಲೆ ಕೋಟು ಇರತ್ತಲ್ಲ, ಯಾರಿಗೆ ಕಾಣಬೇಕು? ಮೂರು ಸಲ ಬಿಗಿ ಮಾಡ್ಕೊಂಡಿದಾನೆ ಕಣೋ. ನನ್ ಹತ್ರ ಬಂದಿದ್ರೆ ಸೊರಗ್ತಿರೋದು ಗೊತ್ತಾಗ್ಬಿಡ್ತಿತ್ತು, ಅದಕ್ಕೇ ಬಂದಿಲ್ಲ."

ಪ್ರತಿ ಹೊಸ ವರ್ಷಕ್ಕೂ, ಒಳ್ಳೆಯದಾಗಲೆಂದು ಊರವರು ಪಾಲಿಸುವ ಪದ್ಧತಿಯಂತೆ, ಲಾಕ್ಲನ್ನನ ಹೊಸ್ತಿಲು ದಾಟುವ ಮೊದಲ ಕಾಲು ಅಣ್ಣನದೇ. ಕೈಯಲ್ಲಿ ಒಂದು ಹೆಂಟೆ ಕಲ್ಲಿದ್ದಲು, ಕಂಕುಳಲ್ಲಿ ವಿಸ್ಕಿ, ದಪ್ಪ ಉಣ್ಣೆಯ ಕೋಟು, ಅದರ ಕೆಳಗೆ ಈ ಕಿಲ್ಟ್. ಸೊಂಟ ತಟ್ಟಿಕೊಂಡು, "ನೋಡೋ, ಅಪ್ಪನ ಕಿಲ್ಟು ನಂಗಿನ್ನೂ ಅಳತೆಗೆ ಹೊಲಿಸಿದ ಹಾಗಿದೆ" ಎನ್ನುತ್ತಿದ್ದ. ಲಾಕ್ಲನ್ ನೋಡುತ್ತಿದ್ದ. ಸರಿಯಾಗಿಯೇ ಕೂತಿರುತ್ತಿತ್ತು. ಅಣ್ಣ ಗಟ್ಟಿಯಾಗಿದ್ದಾನೆ ಎಂದುಕೊಂಡು ಇನ್ನೊಂದು ಲೋಟ ಸುರಿಯುತ್ತಿದ್ದ. ಎರಡು ಮನೆಗಳ ನಡುವೆ ಇದ್ದದ್ದು ಮೂರೇ ಬೀದಿ.

"ಬಿಚ್ಲಾ?" ರೋನಾ ಕತ್ತರಿ ಎತ್ತಿಕೊಂಡಳು.

"ಕೊಡಿ. ನಾನೇ ಬಿಚ್ತೀನಿ."

ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತ. ಬಲೆಯ ಗಂಟು ಎಳೆದಷ್ಟೂ ಬಿಗಿಯುತ್ತದೆ. ಸೂಜಿಯ ತುದಿಯಿಂದ ಒಂದೊಂದನ್ನೇ ಸಡಿಲಿಸಬೇಕು. ಇಪ್ಪತ್ತೇಳು ನೆರಿಗೆ, ಒಂದೊಂದಕ್ಕೂ ಮೂರು ಗಂಟು. ರೋನಾ ಚಹಾ ತಂದಿಟ್ಟಳು. ಅದು ಆರಿತು. ಅವಳು ಇನ್ನೊಂದು ತಂದಿಟ್ಟಳು. ಕೊನೆಯ ಗಂಟು ಬಿಟ್ಟಾಗ ಬಟ್ಟೆ ಮೊಣಕಾಲ ಮೇಲೆ ತಾನಾಗಿ ಅಗಲವಾಯಿತು. ದಾರವಿದ್ದ ಕಡೆ ಮೂರು ಸಾಲು ಸಣ್ಣ ತೂತು ಉಳಿದಿದ್ದವು.

"ಹಬೆ ಕೊಟ್ರೆ ಮುಚ್ಕೊಳತ್ತೆ," ಎಂದಳು ರೋನಾ.

"ಬೇಡ. ಇರ್ಲಿ ಬಿಡಿ."

ಶುಕ್ರವಾರ ಮಧ್ಯಾಹ್ನ ಕಿಲ್ಟ್ ತಂದು ಉಟ್ಟ. ಬಕಲು ತಾನೇ ಬಂದು ಕೂತಿತು. ಗೆರೆಗೆ ಗೆರೆ ಕೂಡಿ ಚೌಕುಳಿ ಮೊದಲಿನಂತಾಗಿತ್ತು. ಹೇಗಿದೆ ಎಂದು ಕೇಳಲು ಯಾರೂ ಇರಲಿಲ್ಲ. ಹಿಂದಿನ ನೆರಿಗೆ ನೋಡಿಕೊಳ್ಳಲು ಕಿಟಕಿಯ ಗಾಜಿಗೆ ಬೆನ್ನು ಮಾಡಿ ಕತ್ತು ಹೊರಳಿಸುತ್ತಿದ್ದಾಗ ಫೋನು ಬಡಿದುಕೊಂಡಿತು.

"ಅಪ್ಪಾ, ಬಟ್ಟೆ ಚಿಂತೆ ಬಿಡು," ಕಿರ್ಸ್ಟಿಯ ದನಿ ಹಗುರವಾಗಿತ್ತು. "ಗಂಡಸರಿಗೆಲ್ಲ ಒಂದೇ ಥರದ ಕಿಲ್ಟು ಬಾಡಿಗೆಗೆ ತಂದಿದೀವಿ, ನೀಲಿ ಚೌಕುಳಿ. ನಿಂಗೂ ಒಂದಿದೆ. ಕೆನೆತ್ ಅಳತೇನೇ ಹೇಳ್ಬಿಟ್ಟೆ, ಆಗತ್ತೆ."

"ನಾನು ನಿನ್ ದೊಡ್ಡಪ್ಪನದು ಸರಿ ಮಾಡಿಸಿದೀನಿ."

"ಅಯ್ಯೋ, ಹೌದಾ? ಅದು ಕೆಂಪಲ್ವಾ? ಸಾಲಾಗಿ ಎಲ್ರೂ ನೀಲಿ ಉಟ್ಟಿರೋವಾಗ ನನ್ ಪಕ್ಕ ಒಂದೇ ಕೆಂಪು... ನಡೆಯೋವಾಗ, ಫೋಟೋ ತೆಗೆಯೋವಾಗ ಮಾತ್ರ ಇದನ್ನ ಉಡು. ಅರ್ಧ ಗಂಟೆ. ಆಮೇಲೆ ನಿಂದೇ ಉಟ್ಕೋ."

"ಉಡದಿದ್ರೆ?"

"ಉಡದಿದ್ರೆ... ಕೆನೆತ್ ನಡೆಸ್ತಾರೆ. ನೀನು ಮುಂದಿನ ಬೆಂಚಲ್ಲಿ ಕೂತ್ಕೋಬಹುದು." ಅವಳ ದನಿ ಸಣ್ಣದಾಯಿತು. "ಹಟ ಮಾಡ್ಬೇಡ ಅಪ್ಪಾ. ನಂಗೆ ನೀನೇ ನಡೆಸ್ಬೇಕು. ಅದಕ್ಕೇ ಕೇಳ್ತಿರೋದು. ಇಸ್ತ್ರಿ ಮಾಡಿಸಿ ನಿನ್ನ ಹೆಸರು ಬರೆದು ನೇತುಹಾಕಿದೀನಿ. ಉಡ್ತೀಯಲ್ಲಾ?"

ನೀಲಿ ಉಟ್ಟರೆ ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತೇನೆ ಎಂದು ಲಾಕ್ಲನ್‌ಗೆ ಗೊತ್ತಿತ್ತು. ಸರಿಯಾಗಿ ಕೂತ ಬಟ್ಟೆ ನೋಡಿದ ಮೇಲೆ ಯಾರೂ ಇನ್ನೇನನ್ನೂ ಕೇಳುವುದಿಲ್ಲ. ತಾನೂ ಅಣ್ಣನನ್ನು ಕೇಳಿರಲಿಲ್ಲ.

"ಅಪ್ಪಾ?"

"ಇಲ್ಲ," ಎಂದ. "ನಾನು ಅದನ್ನ ಉಡಲ್ಲ."