ಇಲ್ಲ ಎನ್ನುವ ಕೆಲಸ

ಮನುಷ್ಯಕುಲವನ್ನು ಕಾಡಿದ ಮಹಾಪ್ರಶ್ನೆಗಳ ಸಾಲಿನಲ್ಲಿ, ದೋಣಿಗೆ ಯಾವ ಬಣ್ಣ ಬಳಿಯಬೇಕು ಎಂಬುದಕ್ಕೆ ಸಲ್ಲಬೇಕಾದ ಸ್ಥಾನ ಇನ್ನೂ ಸಿಕ್ಕಿಲ್ಲ. ರಾಜ್ಯಗಳು ಏಕೆ ಬಿದ್ದವು, ಸಾವಿನ ಆಚೆ ಏನಿದೆ ಎಂಬುದರ ಬಗ್ಗೆ ಪಂಡಿತರು ಕಪಾಟುಗಟ್ಟಲೆ ಬರೆದಿದ್ದಾರೆ. ಬಣ್ಣದ ಡಬ್ಬಿಯ ಬಗ್ಗೆ ಒಂದು ಪುಟವೂ ಇಲ್ಲ. ಹೀಗಾಗಿ ವಿಷಯವನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದಲೇ ಹೇಳಬೇಕು: ಹಿನ್ನೀರಿನ ಕವಲುಗಳಲ್ಲಿ ಮೀನು ಹಿಡಿಯುವ ಒಂದು ಸಣ್ಣ ದೋಣಿಗೆ ಹಸಿರು ಬಳಿಯಬೇಕೆಂದು ಭಾವ ಅಂದುಕೊಂಡಿದ್ದ, ಮೈದುನ ನೀಲಿ ತಂದ.

"ಯಾರನ್ನ ಕೇಳಿ ತಂದೆ?" ಎಂದ ಭಾವ.

"ಕೇಳೋದೇನು ಭಾವ, ಬಣ್ಣ ತಾನೇ?"

"ಇದೇನು ನಿಮ್ಮಪ್ಪನ ದೋಣಿ ಅಂದ್ಕೊಂಡ್ಯಾ?"

ಸಿಟ್ಟಿನಲ್ಲಿ ಯಾರಾದರೂ ಆಡುವ ಮಾತು. ಬಸ್ಸಿನ ಸೀಟು, ನಲ್ಲಿಯ ನೀರು, ರಸ್ತೆಯ ತಿರುವು ಯಾವುದೂ ಎದುರಿನವನ ಅಪ್ಪನದಲ್ಲ ಎಂದು ಜನ ಪರಸ್ಪರ ನೆನಪಿಸುತ್ತಲೇ ಇರುತ್ತಾರೆ. ಇಲ್ಲಿ ತೊಡಕೇನೆಂದರೆ, ಅದು ನಿಜಕ್ಕೂ ಅವನ ಅಪ್ಪನ ದೋಣಿಯಾಗಿತ್ತು. ಮಗಳ ಮದುವೆಯಲ್ಲಿ ಆ ಹಿರಿಯರು ಅಳಿಯನ ಕೈಗೆ ಅದರ ಹಗ್ಗ ಕೊಟ್ಟಿದ್ದರು. ಆ ಮಗಳು, ಅಂದರೆ ಭಾವನ ಹೆಂಡತಿ, ಮೈದುನನ ಅಕ್ಕ, ತೀರಿಕೊಂಡು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಮಾತು ಬಾಯಿಂದ ಹೊರಟ ಕ್ಷಣವೇ ಭಾವನಿಗೆ ಅದು ಗೊತ್ತಾಯಿತು. ಗೊತ್ತಾದದ್ದನ್ನು ಮುಖದ ಮೇಲೆ ತೋರಿಸುವ ಅಭ್ಯಾಸ ಮಾತ್ರ ಅವನಿಗಿರಲಿಲ್ಲ.

ಮೈದುನ ಹೋಗಿ ದೋಣಿಯ ಹಿಂದಿನ ಅರ್ಧಕ್ಕೆ ನೀಲಿ ಬಳಿದ. ಭಾವ ಮುಂದಿನ ಅರ್ಧಕ್ಕೆ ಹಸಿರು ಬಳಿದ. ಇನ್ನೊಬ್ಬನ ಗಡಿ ಮುಟ್ಟಲು ಇಬ್ಬರಿಗೂ ಮನಸ್ಸಾಗದೆ ನಡುವೆ ಗೇಣಗಲ ಬರೀ ಮರ ಉಳಿಯಿತು. ಅವತ್ತಿನಿಂದ ಮಾತು ಬಿಟ್ಟರು.

ಮಾತು ಬಿಟ್ಟವರು ಸಾಮಾನ್ಯವಾಗಿ ಒಬ್ಬರನ್ನೊಬ್ಬರು ಬಿಡುತ್ತಾರೆ. ಇವರಿಗೆ ಆ ಸೌಕರ್ಯವಿರಲಿಲ್ಲ. ಅಲ್ಲಿಯ ಕವಲುಗಳಲ್ಲಿ ಮೊಸಳೆಗಳಿವೆ. ನೀರೊಳಗೇ ಬೇರು ಬಿಟ್ಟು ನಿಂತ ಮರಗಳ ನಡುವೆ, ಚಹಾ ಬಣ್ಣದ ನೀರಿನಲ್ಲಿ, ಎಲ್ಲಿ ಬೇರು ಮುಗಿದು ಎಲ್ಲಿ ಬೆನ್ನು ಶುರುವಾಗುತ್ತದೆ ಎಂದು ಹೇಳುವುದು ಕಷ್ಟ. ಬಲೆಯಲ್ಲಿ ಮೀನು ಒದ್ದಾಡುವ ಸದ್ದು ಅವಕ್ಕೆ ಊಟದ ಗಂಟೆ. ಬಲೆ ಎಳೆಯುವವನು ಬಗ್ಗಿ, ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಎಳೆಯಬೇಕು. ಅವನಿಗೆ ಸುತ್ತ ನೋಡಲಾಗದು. ಅದಕ್ಕೇ ಒಂಟಿಯಾಗಿ ಯಾರೂ ಒಳಕವಲಿಗೆ ಹೋಗಕೂಡದು ಎಂಬ ಕಟ್ಟಳೆ. ದೋಣಿ ಕಟ್ಟುವ ಧಕ್ಕೆಯ ಕಾವಲುಗಾರ ಎರಡು ತಲೆ ಕಾಣದೆ ಯಾವ ದೋಣಿಯ ಹಗ್ಗವನ್ನೂ ಬಿಚ್ಚಲು ಬಿಡುವುದಿಲ್ಲ. ಒಬ್ಬ ಮುಂದೆ ಕೂತು ಎಳೆಯುತ್ತಾನೆ, ಇನ್ನೊಬ್ಬ ಹಿಂದೆ ನಿಂತು ನೀರು ನೋಡುತ್ತಾನೆ.

ನೋಡುವವನ ಕೆಲಸ ಬಾಯಿಂದಲೇ. ಅಷ್ಟಷ್ಟು ಹೊತ್ತಿಗೊಮ್ಮೆ ಅವನು "ಇಲ್ಲ" ಎನ್ನುತ್ತಿರಬೇಕು. ಇಲ್ಲ ಎಂದರೆ ಎಳೆಯುವ ಕೈ ಮುಂದುವರಿಯುತ್ತದೆ. "ಇದ್ದಾರೆ" ಎಂದರೆ ಕೈ ನೀರಿನಿಂದ ಹೊರಗೆ, ಬಲೆ ಇದ್ದಲ್ಲೇ, ಇಬ್ಬರೂ ದೋಣಿಯ ನಡುಮಧ್ಯೆ ಬಂದು ಕೂತು ಕಾಯಬೇಕು. ಯಾರಿದ್ದಾರೆ ಎಂದು ಹೆಸರು ಹೇಳುವುದಿಲ್ಲ. ಮೊಸಳೆಗೆ ಅಲ್ಲಿ ಬಹುವಚನ. ಧಕ್ಕೆಯ ಮೇಲೆ ಇಷ್ಟು ಮರ್ಯಾದೆ ಇನ್ಯಾರಿಗೂ ಇರಲಿಲ್ಲ. ಭಾವನಿಗಂತೂ ಮೈದುನನ ಬಾಯಲ್ಲಿ ಏಕವಚನವೂ ಉಳಿದಿರಲಿಲ್ಲ.

ಹೀಗೆ ಎರಡು ವರ್ಷ, ಎಳೆಯುವ ಭಾವನ ಬೆನ್ನಿಗೆ ಮೈದುನ "ಇಲ್ಲ, ಇಲ್ಲ" ಎನ್ನುತ್ತ ಇಬ್ಬರೂ ಮೀನು ಹಿಡಿದರು.

"ಏನ್ರಪ್ಪಾ, ಇವತ್ತು ಭಾವ-ಮೈದುನ್ರು ಏನೇನು ಹರಟೆ ಹೊಡೆದ್ರಿ?" ಎಂದು ಚಹಾದಂಗಡಿಯವನು ಕೇಳುತ್ತಿದ್ದ.

ಇಬ್ಬರೂ ಬೇರೆ ಬೇರೆ ಬೆಂಚಿನಲ್ಲಿ ಕೂತು ಬೇರೆ ಬೇರೆ ದಿಕ್ಕು ನೋಡುತ್ತಿದ್ದರು.

"ಲೋಟ ಬೇರೆ ತೊಳೀಬೇಕಾ, ಇಲ್ಲಾ ಒಂದೇ ನೀರಲ್ಲಿ ಅದ್ದಿದ್ರೆ ನಡೆಯುತ್ತಾ?" ಎಂದು ಅವನು ಮತ್ತೂ ಕೆಣಕುತ್ತಿದ್ದ.

ಭಾವನ ಮನೆ ಧಕ್ಕೆಯ ಹಿಂದಿನ ಓಣಿಯಲ್ಲಿ, ಹೊಲಿಗೆ ಅಂಗಡಿಯ ಮಹಡಿಯ ಮೇಲೆ. ಒಂದು ಕೋಣೆ, ಒಂದು ಅಡುಗೆಮೂಲೆ, ಬಟ್ಟೆ ಒಣಹಾಕುವ ತಂತಿ. ಹೆಂಡತಿ ಇದ್ದಾಗ ಆ ಮನೆಯಲ್ಲಿ ಕೆಲಸ ಹಂಚಿಕೆ ಸ್ಪಷ್ಟವಾಗಿತ್ತು: ಮಾತಾಡುವುದು ಅವಳದು, ಸುಮ್ಮನಿರುವುದು ಇವನದು. ತಾನು ಗಂಭೀರ ಮನುಷ್ಯ ಎಂದು ಇವನು ಬಹುಕಾಲ ನಂಬಿದ್ದ. ಅವಳು ಹೋದ ಮೇಲೆ ತಿಳಿಯಿತು, ಸುಮ್ಮನಿರುವುದಕ್ಕೂ ಪಕ್ಕದಲ್ಲಿ ಮಾತಾಡುವವರು ಬೇಕು. ಇಲ್ಲದಿದ್ದರೆ ಅದು ಬರೀ ಸದ್ದಿಲ್ಲದ ಕೋಣೆ. ರೇಡಿಯೋ ತಂದಿಟ್ಟ. ರೇಡಿಯೋ ಊರಿಗೆಲ್ಲ ಮಾತಾಡುತ್ತಿತ್ತು, ಇವನಿಗೆ ಅಂತ ಏನೂ ಹೇಳುತ್ತಿರಲಿಲ್ಲ. ಅಂಗಡಿಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ನಿಂತು ಗಂಟಲು ಕೆರೆದುಕೊಂಡು "ಬೆಂಕಿಪೊಟ್ಣ" ಎಂದು ಒಮ್ಮೆ ಹೇಳಿ ನೋಡುತ್ತಿದ್ದ. ಹಿಂದೊಮ್ಮೆ ಹಾಗೆ ನೋಡದೆ ಹೋಗಿ, ಅಂಗಡಿಯವನೆದುರು ಬಾಯಿಂದ ಗಾಳಿಯಷ್ಟೇ ಬಂದು, ಅವನು ಕೆಮ್ಮಿನ ಮಾತ್ರೆ ಕೊಟ್ಟು ಕಳಿಸಿದ್ದ.

ಹೀಗಾಗಿ ಬಹುಪಾಲು ದಿನಗಳಲ್ಲಿ ಅವನನ್ನೇ ಉದ್ದೇಶಿಸಿ ಒಬ್ಬ ಮನುಷ್ಯ ಆಡುವ ಮಾತೆಂದರೆ ಆ "ಇಲ್ಲ" ಒಂದೇ. ಅದನ್ನು ಕೇಳಲು ಅವನು ಬೆಳಕು ಹರಿಯುವ ಮೊದಲೇ ಎದ್ದು ಹೋಗುತ್ತಿದ್ದ ಎಂದರೆ ಅವನು ಒಪ್ಪುತ್ತಿರಲಿಲ್ಲ. ಮೀನು ಆ ಹೊತ್ತಿಗೇ ಸಿಗುವುದು ಎನ್ನುತ್ತಿದ್ದ.

ಎರಡೂ ಮನೆಗಳ ನಡುವೆ ಆಗಾಗ ಓಡಾಡುತ್ತಿದ್ದವಳು ಮೈದುನನ ಹೆಂಡತಿ. "ನಾಳೆ ಇಳಿತ ಬೇಗ, ಬೇಗ ಬರಬೇಕಂತೆ", "ಬಲೆ ಎರಡು ಕಡೆ ಹರಿದಿದೆಯಂತೆ" ಎಂದು ಗಂಡನ ಮಾತನ್ನು ತಂದು, ಇವನ ಮಾತನ್ನು ಒಯ್ಯುತ್ತಿದ್ದಳು. ನಡುವೆ ತನ್ನದೂ ನಾಲ್ಕು ಸೇರಿಸುತ್ತಿದ್ದಳು. ಒಂದು ದಿನ ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದವಳು ಕೂರಲಿಲ್ಲ.

"ಅಣ್ಣಾ, ಒಂದು ವಿಷಯ. ಅವರು ಐಸ್ ಫ್ಯಾಕ್ಟ್ರಿ ಸೇರ್ತಾರಂತೆ. ಸೋಮವಾರದಿಂದ."

ಭಾವ ಬಲೆಯ ಬೆಂಡು ಕಟ್ಟುತ್ತಿದ್ದ. ಕಟ್ಟಿದ. ಇನ್ನೊಂದನ್ನೂ ಕಟ್ಟಿದ.

"ಯಾಕಂತೆ?"

"ಯಾಕೆ ಅಂದ್ರೆ ನಾನೇನು ಹೇಳ್ಲಿ? ಇಬ್ರೂ ಮೂಗಬಸವಣ್ಣರ ಹಾಗೆ ಕೂತ್ರೆ ನಾನೆಷ್ಟು ದಿನ ಈ ಅಂಚೆ ಕೆಲಸ ಮಾಡ್ಲಿ? ನನ್ನ ಮಂಡಿ ನೋಡಿ, ನಿಮ್ಮ ಮೆಟ್ಲು ಹತ್ತಿ ಹತ್ತಿ ಸವೆದುಹೋಗಿದೆ."

"ಅಲ್ಲಿ ಚಳಿ. ಕೈ ಒಡೆಯುತ್ತೆ ಅಂತ ಹೇಳು."

"ನೀವೇ ಹೇಳಿ."

"ನೀನು ಹೇಳಿದ್ರೂ ಒಂದೇ."

"ಒಂದೇ ಅಲ್ಲ ಅಣ್ಣಾ. ಬಾರೋ ಅಂತ ನಿಮ್ಮ ಬಾಯಲ್ಲಿ ಒಂದು ಸಲ ಬರ್ಲಿ. ಬಂದ್ರೆ ನಿಲ್ತಾರೇನೋ. ನಾನೇನೂ ಮಾತು ಕೊಡಲ್ಲ. ಆದ್ರೆ ನಾನು ಹೋಗಿ ಹೇಳಿದ್ರೆ ಖಂಡಿತಾ ನಿಲ್ಲಲ್ಲ."

ಅವಳು ಹೋದಮೇಲೆ ಭಾವ ತನ್ನ ಪರಿಸ್ಥಿತಿಯನ್ನು ಅಳೆದು ನೋಡಿದ. ಧಕ್ಕೆಯ ಮೇಲೆ ಉಳಿದವರೆಲ್ಲ ಜೋಡಿ ಕಟ್ಟಿಕೊಂಡವರು. ಅಪರಿಚಿತನೊಬ್ಬನನ್ನು ಹಿಂದೆ ನಿಲ್ಲಿಸಿಕೊಂಡರೆ ಅವನ "ಇಲ್ಲ"ವನ್ನು ನಂಬಿ ಕೈ ನೀರಿಗೆ ಇಳಿಸುವ ಧೈರ್ಯ ಬರುವುದಿಲ್ಲ. ಮೈದುನನ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಒಂದು ಪದದ ಮೇಲೆ ಅವನಿಗೆ ಎಂದೂ ಅನುಮಾನ ಬಂದಿರಲಿಲ್ಲ. ಅವನು ಹೋದರೆ ಒಳಕವಲು ಹೋಯಿತು, ದೋಣಿ ಹೋಯಿತು, ಬೆನ್ನ ಹಿಂದಿನ ದನಿಯೂ ಹೋಯಿತು. ಅಂದರೆ ಕೇಳಲೇಬೇಕು.

ಕೇಳುವುದನ್ನು ಅವನು ಅಭ್ಯಾಸ ಮಾಡಿದ. ಒಣಹಾಕಿದ ಅಂಗಿಯ ಎದುರು ನಿಂತು "ಬಾರಯ್ಯ" ಎಂದ; ಗತ್ತು ಹೆಚ್ಚಾಯಿತು ಅನ್ನಿಸಿತು. "ಬರಬಾರದಾ?" ಎಂದ, ಬೇಡಿದ ಹಾಗಾಯಿತು. "ನೋಡು, ಹೋಗೋದಾದ್ರೆ ಹೋಗು, ಆದ್ರೆ..." ಎಂದು ಶುರುಮಾಡಿದ್ದು ಆದ್ರೆಯ ಆಚೆ ಹೋಗಲಿಲ್ಲ. ಕೊನೆಗೆ "ಸೋಮವಾರ ಬರ್ತೀಯಾ?" ಎಂಬಲ್ಲಿಗೆ ನಿಂತ. ಅದರಲ್ಲಿ ಸೋಲೂ ಇಲ್ಲ, ಜಂಭವೂ ಇಲ್ಲ; ದರ್ಜಿಯನ್ನು ಅಂಗಿ ಸಿದ್ಧವಾಯಿತೇ ಎಂದು ಕೇಳಿದಂತೆ ಕೇಳಿಬಿಡಬಹುದು.

ಶನಿವಾರ ಕೊನೆಯ ದಿನ. ಕಾವಲುಗಾರ ಎರಡು ತಲೆ ನೋಡಿ ಕೈಬೀಸಿದ. ಮೈದುನ ಗಳ ಊರಿ ದೋಣಿ ನೂಕಿದ. ಅಗಲದ ನೀರು ದಾಟಿ ಒಳಕವಲು ಹೊಕ್ಕಾಗ ಮರಗಳು ಎರಡೂ ಕಡೆಯಿಂದ ಬಗ್ಗಿ ಬೆಳಕನ್ನು ಸಣ್ಣದು ಮಾಡಿದವು. ಕೆಸರಿನ ವಾಸನೆ. ಎಲ್ಲೋ ಒಂದು ಏಡಿ ಬೇರಿನಿಂದ ನೀರಿಗೆ ಬಿದ್ದ ಸದ್ದು. ಹಿಂದಿನ ದಿನ ಕವಲಿನ ಬಾಯಿಗೆ ಅಡ್ಡ ಕಟ್ಟಿದ್ದ ಬಲೆಯ ಬೆಂಡುಗಳು ಸಾಲಾಗಿ ತೇಲುತ್ತಿದ್ದವು.

ಭಾವ ಮುಂದೆ ಬಗ್ಗಿ ಎಳೆಯತೊಡಗಿದ.

"ಇಲ್ಲ," ಎಂದ ಮೈದುನ.

ಒಂದು ಮಾರು ಬಲೆ ಬಂತು. ಎರಡು ಸಣ್ಣ ಮೀನು, ಒಂದು ಪ್ಲಾಸ್ಟಿಕ್ ಚೀಲ.

"ಇಲ್ಲ."

ಈಗ ಕೇಳಬೇಕು ಎಂದುಕೊಂಡ. ಮೀನೊಂದು ಸಿಕ್ಕಿತು, ಅದನ್ನು ಬಿಡಿಸಿ ಕೇಳೋಣ ಎಂದುಕೊಂಡ. ಬಿಡಿಸಿದ. ಮುಂದಿನದನ್ನೂ ಬಿಡಿಸಿ ಕೇಳೋಣ ಎಂದುಕೊಂಡ. ಜೀವಮಾನದಲ್ಲಿ ಅಷ್ಟು ನಾಜೂಕಾಗಿ ಅವನು ಎಂದೂ ಮೀನು ಬಿಡಿಸಿರಲಿಲ್ಲ.

"ಇಲ್ಲ."

ಬೆನ್ನು ತಿರುಗಿಸದೆ, ನೀರನ್ನೇ ನೋಡುತ್ತ, ಗಂಟಲು ಸರಿಮಾಡಿಕೊಂಡು ಕೇಳಿಬಿಟ್ಟ.

"ಸೋಮವಾರ ಬರ್ತೀಯಾ?"

ಬಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇಲ್ಲ," ಎಂದ ಮೈದುನ.

ಭಾವನ ಕೈ ನಿಂತಿತು. ಆಮೇಲೆ ಮತ್ತೆ ಎಳೆಯತೊಡಗಿತು. ಅವನಿಗೆ ಒಂದು ಸಮಾಧಾನ ಹೊಳೆದಿತ್ತು: ಇದು ಕಾವಲಿನ "ಇಲ್ಲ" ಇರಬೇಕು. ಹೊತ್ತಿಗೆ ಸರಿಯಾಗಿಯೇ ಬಂದಿದೆ. ತಾನು ಕೇಳಿದ್ದು ಮೆಲ್ಲಗೆ, ನೀರಿನ ಕಡೆಗೆ ಮುಖ ಮಾಡಿ. ಅವನಿಗೆ ಕೇಳಿಸಿಯೇ ಇಲ್ಲ. ಅವನು ಮೊಸಳೆಯ ವಿಷಯ ಹೇಳಿದ್ದು, ಸೋಮವಾರದ ವಿಷಯವಲ್ಲ. ಎರಡು ಮಾರು ಬಲೆ ಎಳೆಯುವಷ್ಟು ಹೊತ್ತು ಈ ಸಮಾಧಾನದಲ್ಲಿ ಸುಖವಾಗಿದ್ದ. ಈ ಸಲ ಮುಖ ನೋಡಿ, ದೊಡ್ಡ ದನಿಯಲ್ಲಿ ಕೇಳೋಣ ಎಂದು ತಿರುಗಿದ.

ಮೈದುನ ನೀರು ನೋಡುತ್ತಿರಲಿಲ್ಲ. ಗಳವನ್ನು ಕಂಕುಳಲ್ಲಿ ಅವುಚಿಕೊಂಡು ಪೂರ್ತಿ ಈ ಕಡೆ ತಿರುಗಿ ಭಾವನನ್ನೇ ನೋಡುತ್ತಿದ್ದ. ಕೇಳಿಸಿತ್ತು. ಕೇಳಿಸಿ, ತಿರುಗಿ, ಉತ್ತರ ಕೊಟ್ಟಿದ್ದ. ಅವನ ಹೆಗಲ ಆಚೆ, ಕೊನೆಯ ಬೆಂಡಿನ ಪಕ್ಕ, ಬೆಂಡಲ್ಲದ ಎರಡು ಗುಬುಟುಗಳು ತೇಲುತ್ತಿದ್ದವು.

"ಇದ್ದಾರೆ," ಎಂದ ಭಾವ.

ಮೈದುನ ಹಿಂದೆ ನೋಡಿದ. ಗಳ ಕೆಳಗಿಟ್ಟ. ಇಬ್ಬರೂ ದೋಣಿಯ ನಡುವಿಗೆ ಸರಿದು, ಮಂಡಿಗೆ ಮಂಡಿ ತಾಗುವಂತೆ ಎದುರುಬದುರು ಕೂತರು. ನೀರಿನಲ್ಲಿದ್ದವರಿಗೆ ಅವಸರವಿರಲಿಲ್ಲ.

"ತಪ್ಪಾಯ್ತು ಭಾವ," ಎಂದ ಮೈದುನ ಸಣ್ಣ ದನಿಯಲ್ಲಿ. "ನೋಡ್ಲಿಲ್ಲ."

"ಹ್ಞೂಂ."

"ಕೈ ನೀರಲ್ಲಿತ್ತು ನಿಂದು."

"ತೆಗೆದೆನಲ್ಲ."

ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಭಾವ ಕೇಳಿದ, "ಅಲ್ಲೇನಿದೆ ಅಂತ ಹೋಗ್ತೀಯೋ? ಬರೀ ಐಸು."

"ಜನ ಇದ್ದಾರೆ. ಮಾತಾಡ್ತಾರೆ."

"ಏನು ಮಾತಾಡ್ತಾರೆ?"

"ಏನೋ. ಸುಮ್ಸುಮ್ನೆ. ಮೊನ್ನೆ ನೋಡೋಕೆ ಹೋದಾಗ ಒಬ್ಬ ತನ್ನ ಹಲ್ಲುನೋವಿನ ಕತೆ ಹೇಳ್ತಾನೇ ಇದ್ದ. ಕೇಳ್ತಾ ಕೂತುಬಿಟ್ಟೆ." ಮೈದುನ ಬೆರಳಿಗೆ ಅಂಟಿದ ಕೆಸರು ಕೆರೆದ. "ಈ ದೋಣೀಲಿ ಎರಡು ವರ್ಷದಿಂದ ನಾನು ಅಂದಿದ್ದು ಒಂದೇ ಮಾತು, ಭಾವ. ಮನೇಲಿ ಮಗು ಅನ್ನ ಬೇಕಾ ಅಂತ ಕೇಳಿದ್ರೂ ಬಾಯಿಗೆ ಇಲ್ಲ ಅಂತಾನೇ ಬರುತ್ತೆ. ಇವತ್ತು ನೋಡು, ಅದನ್ನೂ ಸರಿಯಾಗಿ ಹೇಳೋಕಾಗ್ಲಿಲ್ಲ."

ಭಾವನಿಗೆ ಹೇಳಲು ಬಹಳ ಇತ್ತು. ತನಗೂ ದಿನಕ್ಕೆ ಅದೊಂದೇ ಮಾತು ಎಂದು ಹೇಳಬಹುದಿತ್ತು. ನಿಮ್ಮಪ್ಪನ ದೋಣಿಯೇ ಕಣೋ ಇದು, ಅವತ್ತೂ ಗೊತ್ತಿತ್ತು ಎನ್ನಬಹುದಿತ್ತು. ಬಂದದ್ದು ಬೇರೆ.

"ಪೂರ್ತಿ ನೀಲಿ ಬಳೀತೀನಿ," ಎಂದ.

ಮೈದುನ ತಲೆ ಎತ್ತಿ ದೋಣಿಯ ಮುಂದಿನ ಅರ್ಧವನ್ನು ಮೊದಲ ಸಲ ನೋಡುವವನಂತೆ ನೋಡಿದ.

"ಬೇಡ ಭಾವ. ಹಸಿರೇ ಚೆನ್ನಾಗಿದೆ."

ಗುಬುಟುಗಳು ಮುಳುಗಿದವು. ಸಾಕಷ್ಟು ಹೊತ್ತು ಕಾದು, ಮೈದುನ ಎದ್ದು ಗಳ ಹಿಡಿದು, ಈ ಸಲ ನೀರಿಗೆ ಮುಖ ಮಾಡಿ ನಿಂತ. ಉಳಿದ ಬಲೆ ಎಳೆದುಕೊಂಡು ವಾಪಸಾದರು. ಧಕ್ಕೆಯ ಮೇಲೆ ಮೈದುನ "ಬರ್ತೀನಿ ಭಾವ" ಎಂದ. ಚಹಾದಂಗಡಿಯವನ ಕೈಯಿಂದ ಸೌಟು ಜಾರಿತು.

ಸೋಮವಾರ ಮೈದುನ ಐಸ್ ಫ್ಯಾಕ್ಟರಿಗೆ ಹೋದ. ಭಾವ-ಮೈದುನರ ನಡುವೆ ಈಗ ಮಾತಿದೆ, ಸಿಕ್ಕಾಗ ಆಡುತ್ತಾರೆ. ಒಬ್ಬನ ಪಾಳಿ ರಾತ್ರಿಯದು, ಇನ್ನೊಬ್ಬ ನಸುಕಿಗೆ ಏಳುವವನು, ಆದ್ದರಿಂದ ಸಿಗುವುದು ಕಡಿಮೆ. ಮಾತು ಶುರುವಾದ ಮೇಲೆ ನಡುವೆ ಸುದ್ದಿ ಒಯ್ಯುವವರ ಅಗತ್ಯ ಬೀಳದೆ ಮೈದುನನ ಹೆಂಡತಿ ಮೆಟ್ಟಿಲು ಹತ್ತುವುದೂ ನಿಂತಿತು. ಭಾವ ಈಗ ಒಳಕವಲಿಗೆ ಹೋಗುವುದಿಲ್ಲ. ಧಕ್ಕೆಯ ಅಂಚಿನಲ್ಲಿ ಕೂತು ಗಾಳ ಹಾಕುತ್ತಾನೆ. ದೋಣಿ ಮಾರಿದ್ದಾಗಿದೆ.