ಬಾಯಿಲ್ಲದ ಗಾಡಿಯ ಕಾಯಿಲೆ

ಗಡಿಯಾರ ರಿಪೇರಿಯವನಿಗೆ ಮಾವ ಕೊಟ್ಟದ್ದು ಎರಡು. ಒಂದು ತಮ್ಮ ಕಿರಿಮಗಳು, ಇನ್ನೊಂದು ತಮ್ಮ ಹಳೇ ಮೋಟಾರ್ ಸೈಕಲ್ಲು. ಎರಡನ್ನೂ ದೇವರು ಕೊಟ್ಟದ್ದೆಂದೇ ತಿಳಿದು ಅವನು ಒಂದೇ ಭಕ್ತಿಯಿಂದ ನೋಡಿಕೊಂಡು ಬಂದಿದ್ದ. ಮಾವನ ಮಗಳ ಮಾತು ಈ ಹದಿನಾರು ವರ್ಷದಲ್ಲಿ ಒಂದು ದಿನವೂ ನಿಂತಿರಲಿಲ್ಲ. ಮೋಟಾರ್ ಸೈಕಲ್ಲು ಮಾತ್ರ ಎರಡು ವಾರದಿಂದ ಸರಿಯಾಗಿ ತುಟಿ ಬಿಚ್ಚಿರಲಿಲ್ಲ.

ಮಾವ ಪಶುವೈದ್ಯರು. ಮೂವತ್ತು ವರ್ಷ ಅದೇ ಗಾಡಿಯ ಮೇಲೆ ಕೊಟ್ಟಿಗೆಯಿಂದ ಕೊಟ್ಟಿಗೆಗೆ ತಿರುಗಿದವರು. ಮೊಣಕಾಲು ಮಾತು ಕೇಳದಂತಾದಾಗ ಕಿರಿಯಳಿಯನ ಕೈಗೆ ಬೀಗದ ಕೈ ಇಟ್ಟು ಒಂದು ಷರತ್ತು ಹಾಕಿದ್ದರು: ಓಡುವ ತನಕ ನಿಮ್ಮದು, ನಿಂತರೆ ದೊಡ್ಡಳಿಯನದು. ಆವತ್ತು ಎಲ್ಲರೂ ನಕ್ಕಿದ್ದರು, ದೊಡ್ಡಳಿಯನೊಬ್ಬನನ್ನು ಬಿಟ್ಟು. ಅವನು ಹಾರ್ಡ್‌ವೇರ್ ಅಂಗಡಿಯವನು, ಮಾತನ್ನೂ ಮೊಳೆಯಂತೆ ಎಣಿಸಿ ಇಟ್ಟುಕೊಳ್ಳುವವನು. ಗಾಡಿ ನಿಂತಿದೆಯೆಂದು ಗಡಿಯಾರದವನು ಮಾವನಿಗೆ ಫೋನ್ ಮಾಡಿದ್ದು ಕಿವಿಗೆ ಬಿದ್ದದ್ದೇ ತಡ, ಭಾನುವಾರ ತನ್ನ ಟೆಂಪೋದಲ್ಲಿ ಮಾವನನ್ನು ತಾನೇ ಕರೆತರುವುದಾಗಿ ಹೇಳಿಬಿಟ್ಟ. ಮಾವನೂ ಒಪ್ಪಿದರು. ತಮ್ಮ ಕಣ್ಣೆದುರು ಸ್ಟಾರ್ಟ್ ಆದರೆ ಸರಿ, ಇಲ್ಲವಾದರೆ ಮಾತಿನ ಹಾಗೆ.

ಗಡಿಯಾರದವನಿಗೆ ಊಟ ಸೇರಲಿಲ್ಲ. ದಿನವಿಡೀ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಯಷ್ಟು ದಪ್ಪದ ಚಕ್ರಗಳ ಮೇಲೆ ಬಗ್ಗಿ ಕೂರುವ ಮನುಷ್ಯ ಅವನು. ಸಂಜೆ ಅಂಗಡಿ ಮುಚ್ಚಿ ಕೆರೆ ಏರಿಯ ಮೇಲೆ ಅರ್ಧ ಗಂಟೆ ಗಾಡಿ ಓಡಿಸುವಾಗಲೇ ಅವನ ಕಣ್ಣು ದೂರವನ್ನು ಕಾಣುತ್ತಿದ್ದುದು. ಆ ಅರ್ಧ ಗಂಟೆ ಅವನ ಪ್ರಾರ್ಥನೆಯಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಬೆನ್ನುನೋವಿಗೆ ಒಳ್ಳೆಯದು ಎಂದಷ್ಟೇ ಹೆಂಡತಿಗೆ ಹೇಳಿದ್ದ. ಬೆನ್ನುನೋವಿಗೆ ಮೋಟಾರ್ ಸೈಕಲ್ಲು ಬರೆದುಕೊಟ್ಟ ಡಾಕ್ಟರು ಯಾರೆಂದು ಅವಳು ಇಂದಿಗೂ ಕೇಳುತ್ತಿದ್ದಳು.

ವಿಚಿತ್ರವೆಂದರೆ ಗಾಡಿ ಗ್ಯಾರೇಜಿನಲ್ಲಿ ಗುಣವಾಗುತ್ತಿತ್ತು, ಮನೆಯಲ್ಲಿ ಮಲಗುತ್ತಿತ್ತು. ಗ್ಯಾರೇಜಿನವನು ಎರಡು ಸಲ ಬಿಚ್ಚಿ, ಒರೆಸಿ, ಒಂದೇ ಕಿಕ್ಕಿಗೆ ಎಬ್ಬಿಸಿ ಕಳಿಸಿದ್ದ. ಎರಡು ಸಲವೂ ಮರುದಿನ ಬೆಳಿಗ್ಗೆ ಅದೇ ಗಾಡಿ ಬರೀ ಕೆಮ್ಮಿ ಸುಮ್ಮನಾಗಿತ್ತು. ಮೊದಲು ಕೆಟ್ಟಿದ್ದ ಪ್ಲಗ್ ತೆಗೆದು ಹೊಸದು ಹಾಕಿದ್ದಾಯಿತು, ಬ್ಯಾಟರಿ ಹೊಸದು ಹಾಕಿದ್ದಾಯಿತು, ವಯರುಗಳನ್ನು ಒಂದೊಂದಾಗಿ ಎಳೆದು ನೋಡಿದ್ದಾಯಿತು.

"ಅವರು ಒದ್ರೆ ಏಳುತ್ತೆ, ನೀವು ಒದ್ರೆ ಮಲಗುತ್ತೆ," ಎಂದಳು ಹೆಂಡತಿ. "ಒದೆಯೋದ್ರಲ್ಲೂ ನಿಮಗೆ ವಿನಯ ಜಾಸ್ತಿ ಕಣ್ರೀ. ಕ್ಷಮೆ ಕೇಳ್ಕೊಂಡು ಒದ್ರೆ ಯಾವ ಗಾಡಿ ಏಳುತ್ತೆ?"

ಭಾನುವಾರ ಬೆಳಿಗ್ಗೆ ಅವನು ದೇವರ ಹೆಸರು ಹೇಳಿಕೊಂಡು ವಿನಯ ಬಿಟ್ಟು ಒದ್ದ. ಇಪ್ಪತ್ತೇಳು ಸಲ ಒದ್ದ ಮೇಲೆ ಬಲಗಾಲು ಅವನದೋ ಅಲ್ಲವೋ ಎನ್ನುವ ಹಾಗಾಯಿತು. ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಕಿಕ್ಕರ್ ಮೆಟ್ಟಿ ನೋಡಿದ. ಕಿಡಿಯಿಲ್ಲ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಟೆಂಪೋದ ಹಾರ್ನ್ ಕೇಳಿತು.

ದೊಡ್ಡಳಿಯ, ಈ ಮನೆಯವರಿಗೆ ಭಾವ, ಮೊದಲು ಇಳಿದ. ಅವನ ತೋಳಿನಲ್ಲಿ ಹೊಚ್ಚಹೊಸ ನೈಲಾನ್ ಹಗ್ಗದ ಸುರುಳಿ ಇತ್ತು.

"ಹಗ್ಗ ಯಾಕೆ ಭಾವ?" ಎಂದು ಒಳಗಿಂದಲೇ ಕೇಳಿದಳು ಹೆಂಡತಿ.

"ಸುಮ್ನೆ ಕಣಮ್ಮ. ದಾರೀಲಿ ಬೇಕಾದ್ರೆ ಇರಲಿ ಅಂತ."

"ಅಪ್ಪನ್ನ ಕಟ್ಕೊಂಡು ಬಂದ್ರೇನೋ ಅಂದ್ಕೊಂಡೆ."

ಮಾವ ಕೋಲೂರಿಕೊಂಡು ಬಂದು, ಅಂಗಳದಲ್ಲಿ ಹಾಕಿದ್ದ ಕುರ್ಚಿಯನ್ನು ಗಾಡಿಯ ಪಕ್ಕಕ್ಕೇ ಎಳೆಸಿಕೊಂಡು ಕುಳಿತರು. ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಗೈಯಿಟ್ಟು ಕಣ್ಣು ಮುಚ್ಚಿದರು. ಗಬ್ಬದ ಹಸುವಿನ ಹೊಟ್ಟೆಯ ಮೇಲೆ ಅವರು ಹೀಗೇ ಕೈಯಿಡುತ್ತಿದ್ದರಂತೆ. ರೋಗಿಗೆ ಮಾತು ಬಾರದಿರುವಾಗ ಮೇವು ಹಾಕಿದವರನ್ನು ಕೇಳಬೇಕು. ಅವರು ಮೂವತ್ತು ವರ್ಷದಲ್ಲಿ ಕಲಿತ ವೈದ್ಯವೆಲ್ಲ ಅಷ್ಟೇ. ಅದರಂತೆ ಯಾವತ್ತಿನಿಂದ, ಯಾವ ಹೊತ್ತಿನಲ್ಲಿ, ಬಿಸಿಯಿದ್ದಾಗಲೋ ತಣ್ಣಗಿದ್ದಾಗಲೋ ಎಂದು ಒಂದೊಂದಾಗಿ ವಿಚಾರಿಸಿದರು. ಅಳಿಯ ಒಂದೊಂದಕ್ಕೂ ಉತ್ತರ ಕೊಟ್ಟ. ಗ್ಯಾರೇಜಿನಲ್ಲಿ ಎದ್ದದ್ದನ್ನೂ ಮನೆಯಲ್ಲಿ ಬಿದ್ದದ್ದನ್ನೂ ಹೇಳಿದ.

ಮಾವ ಕಣ್ಣು ತೆರೆದರು. "ಡಾಕ್ಟರ ಹತ್ರ ವಾಸಿಯಾದ ದನ ಮನೆಗೆ ಬಂದು ಮತ್ತೆ ಮಲಗಿದ್ರೆ, ಯಾರೋ ಪ್ರೀತಿ ಜಾಸ್ತಿಯಾಗಿ ಏನೋ ತಿನ್ಸಿರ್ತಾರೆ ಅಳಿಯಂದ್ರೇ. ಗ್ಯಾರೇಜಿಂದ ಬಂದ ಮೇಲೆ ನೀವು ಏನು ತಿನ್ಸಿದ್ರಿ?"

ಏನೂ ಇಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಗಾಡಿ ಮನೆಗೆ ಬಂದ ಆ ಎರಡು ಸಂಜೆಗಳು ನೆನಪಾದವು.

ಇನ್ನೊಬ್ಬರು ಮಾಡಿದ ಕೆಲಸಕ್ಕೆ ಕೊನೆಯ ಕೈ ತಾನು ಹಾಕದಿದ್ದರೆ ಅವನಿಗೆ ನಿದ್ದೆ ಬಾರದು. ಎರಡು ಸಲವೂ ಗಾಡಿ ಮನೆಗೆ ಬಂದ ಸಂಜೆಯೇ ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚಿದ್ದ. ಅದರೊಳಗೆ ಪಾಯಿಂಟ್ ಎನ್ನುವ ಪುಟ್ಟ ಸಾಮಾನಿದೆ: ಎರಡು ಲೋಹದ ತುಟಿಗಳು, ತೆರೆದು ಮುಚ್ಚಿ, ತೆರೆದು ಮುಚ್ಚಿ, ಪ್ಲಗ್ಗಿಗೆ ಕಿಡಿ ಕಳಿಸುವಂಥವು. ಭೂತಗನ್ನಡಿಯಲ್ಲಿ ನೋಡಿದರೆ ಗಡಿಯಾರದ ಎದೆಯೇ ಅಲ್ಲಿ ಟಿಕ್‌ಟಿಕ್ ಎಂದಂತೆ ಕಂಡಿತ್ತು. ಗಡಿಯಾರದಲ್ಲಿ ಚಕ್ರದ ಹಲ್ಲು ಬಂದು ಪುಟ್ಟ ಕೆಂಪು ಕಲ್ಲಿಗೆ ತಟ್ಟುವ ಜಾಗಕ್ಕೆ ಸೂಜಿಯ ಮೊನೆಯಿಂದ ಒಂದು ತೊಟ್ಟು ಎಣ್ಣೆ ಕೊಡಬೇಕು. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈ ತಾನಾಗಿಯೇ ಕೊಟ್ಟುಬಿಟ್ಟಿತ್ತು.

ಈಗ ಅವನಿಗೆ ಅರ್ಥವಾಗತೊಡಗಿತು. ಅದರ ಜೊತೆಗೇ ಹಗ್ಗ ಹಿಡಿದು ನಿಂತ ಭಾವನೂ ಕಣ್ಣಿಗೆ ಬಿದ್ದ. ಹೇಳದಿದ್ದರೆ ಗಾಡಿ ಏಳುವುದಿಲ್ಲ, ಹೇಳಿದರೆ ಗಾಡಿಯನ್ನು ಮಲಗಿಸಿದವನು ತಾನೇ ಎಂದಾಗುತ್ತದೆ. ಅವನು ಟ್ಯಾಂಕನ್ನು ನೋಡಿದ. ಸಾವಿರ ಸಂಜೆ ತನ್ನನ್ನು ಹೊತ್ತು ತಿರುಗಿದ ಮೂಕ ಪ್ರಾಣಿ. ಅದರ ಮುಂದೆ ಸುಳ್ಳಾಡಲು ಮನಸ್ಸು ಒಪ್ಪಲಿಲ್ಲ.

"ಒಂದು ತೊಟ್ಟು ಎಣ್ಣೆ, ಮಾವ."

"ಎಲ್ಲಿಗೆ?"

"ಪಾಯಿಂಟಿನ ತುಟಿಗೆ."

ಭಾವ ನಕ್ಕ ನಗೆಗೆ ಪಕ್ಕದ ಮನೆಯ ಕಿಟಕಿ ತೆರೆಯಿತು. ಮಾವ ನಗಲಿಲ್ಲ. ಕರೆಂಟು ದಾಟುವ ಜಾಗ ಅದು, ಒಣಗಿರಬೇಕು, ಎಣ್ಣೆ ಬಿದ್ದರೆ ಸುಟ್ಟು ಮಸಿ ಕೂತು ಕಿಡಿಯೇ ಹುಟ್ಟುವುದಿಲ್ಲ ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಅಳಿಯ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ಆ ತುಟಿಗಳನ್ನು ಒರೆಸಿದ. ನಡುವೆ ಬಿಳಿ ಕಾಗದದ ಚೂರು ತೂರಿಸಿ, ಕಪ್ಪು ಬಾರದಾಗುವ ತನಕ ಎಳೆದ. ಮುಗಿಯಿತು ಎನ್ನುವಷ್ಟರಲ್ಲಿ ಅವನ ಎಡಗೈ ತನ್ನ ಪಾಡಿಗೆ ತಾನು ಎಣ್ಣೆಯ ಸೀಸೆಯನ್ನು ಹುಡುಕುತ್ತಿತ್ತು. ಸೀಸೆ ಆಗಲೇ ಹೆಂಡತಿಯ ಸೆರಗಿನೊಳಗೆ ಸೇರಿತ್ತು.

ಮೊದಲ ಕಿಕ್ಕಿಗೆ ಕೆಮ್ಮಿತು. ಎರಡನೆಯದಕ್ಕೆ ಎದ್ದು ಕೂತಿತು. ಅಂಗಳದ ತುಂಬ ಆ ಹಳೆಯ ಡುಬು ಡುಬು ತುಂಬಿಕೊಂಡಾಗ ಅವನು ಯಾರಿಗೂ ಕಾಣದಂತೆ ಒಮ್ಮೆ ಕಣ್ಣು ಮುಚ್ಚಿ ತೆರೆದ.

ಭಾವ ಬಿಡುವವನಲ್ಲ. ಇವತ್ತು ಎದ್ದಿದೆ, ಸರಿ. ನಿಂತದ್ದಂತೂ ನಿಜ ತಾನೆ, ಅದೂ ಇವನ ಕೈಯಿಂದಲೇ. ನಾಳೆ ಇನ್ನೇನು ಕುಡಿಸುತ್ತಾನೋ. ನನ್ನ ಷೆಡ್ಡಿನಲ್ಲಾದರೆ ಹೊದಿಕೆ ಹೊದೆಸಿ ಇಟ್ಟಿರುತ್ತೇನೆ, ಯಾರೂ ಒಂದು ಬೆರಳು ತಾಗಿಸುವುದಿಲ್ಲ, ಒಂದು ತಪ್ಪೂ ಆಗುವುದಿಲ್ಲ ಎಂದು ವಾದ ಹೂಡಿದ. ವಾದದಲ್ಲಿ ನ್ಯಾಯವಿತ್ತು. ಗಡಿಯಾರದವನು ತಲೆ ತಗ್ಗಿಸಿ ಎಕ್ಸಲರೇಟರ್ ಹಿಡಿದುಕೊಂಡೇ ನಿಂತ.

ಮಾವ ಇಂಜಿನ್ನಿನ ಸದ್ದಿಗೆ ಕಿವಿಗೊಟ್ಟರು. ಆಮೇಲೆ ದೊಡ್ಡಳಿಯನ ಕಡೆ ತಿರುಗಿದರು.

"ಅದೇ ನನಗೂ ಯೋಚನೆ, ಅಳಿಯಂದ್ರೇ. ನಿಮ್ಮ ಹತ್ರ ಹೋದ್ರೆ ತಪ್ಪೇ ಆಗಲ್ಲ. ಒಂದು ತಪ್ಪೂ ಆಗದಿದ್ರೆ ನನಗೆ ಫೋನ್ ಮಾಡೋರು ಯಾರು? ಕೆಲಸ ಬಿಟ್ಟು ಮೂರು ವರ್ಷವಾದ ಮೇಲೆ ಇವತ್ತು ನನ್ನನ್ನ ಒಬ್ರು ಕಾಯಿಲೆ ವಿಷಯ ಕೇಳಿದ್ರು. ಅದೂ ನನ್ನ ಮೊಣಕಾಲಿನ ಕಾಯಿಲೆಯಲ್ಲ." ಕೋಲಿನ ತುದಿಯಿಂದ ಗಾಡಿಯ ಹಿಂದಿನ ಸೀಟನ್ನು ಮುಟ್ಟಿದರು. "ಇಲ್ಲೇ ಇರಲಿ. ಇವರು ಕೆಡಿಸ್ತಾ ಇರಲಿ."

ಹಾಗೆ ಹೇಳಿ ತಮ್ಮನ್ನೂ ಒಂದು ಸುತ್ತು ಕರೆದುಕೊಂಡು ಹೋಗಬೇಕೆಂದರು. ಮಗಳು ಬೇಡವೆಂದಳು, ಅವರು ಕೇಳಿಸದವರಂತೆ ಎದ್ದರು. ಕಾಲು ಮಾತ್ರ ಸೀಟಿನ ಎತ್ತರಕ್ಕೆ ಏರಲಿಲ್ಲ. ಗಡಿಯಾರದವನು ಗಾಡಿಯನ್ನು ಬಿಟ್ಟು ಬರುವಂತಿರಲಿಲ್ಲ. ಭಾವ ಹಗ್ಗದ ಸುರುಳಿಯನ್ನು ಕೆಳಗಿಟ್ಟ. ಆಮೇಲೆ ಬಂದು ಬಗ್ಗಿ, ಮಾವನ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಸೀಟಿನ ಆಚೆಗೆ ದಾಟಿಸಿದ. ಪಾದ ಕೆಳಗಿನ ಫುಟ್‌ರೆಸ್ಟನ್ನು ಹುಡುಕಿಕೊಂಡು ಗಟ್ಟಿಯಾಗಿ ಊರುವ ತನಕ ಅವನು ಕೈ ಬಿಡಲಿಲ್ಲ.